ರೇಡ್ ಇರುವ ಕಂಪ್ಯೂಟರಿಗೆ ಉಬುಂಟು ಹಾಕುವ ಮುನ್ನ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಲ್ಯಾಪ್‌ಟಾಪಿನಲ್ಲಿ ಅದರ ಜೊತೆಗೇ ಉಬುಂಟು ಹಾಕಿಕೊಳ್ಳುವುದು ಒಳ್ಳೆಯ ಯೋಚನೆ. ಆದರೆ ಪೆನ್‌ಡ್ರೈವ್ ಚುಚ್ಚಿ ಶುರು ಮಾಡಿದ ಎಷ್ಟೋ ಜನ ‘ಆರ್‌ಎಸ್‌ಟಿ ಆಫ್ ಮಾಡಿ’ ಎಂಬ ಸೂಚನೆ ಕಂಡು ನಿಂತುಬಿಡುತ್ತಾರೆ. ಇಂಟೆಲ್‌ನ ರೇಡ್ ವ್ಯವಸ್ಥೆಯ ಹೆಸರೇ ಆರ್‌ಎಸ್‌ಟಿ. ಅವಸರಪಟ್ಟು ಅದನ್ನು ಆಫ್ ಮಾಡಬೇಡಿ. ನಿಮ್ಮದು ನಿಜವಾದ ರೇಡೋ, ಹೆಸರಿಗಷ್ಟೇ ರೇಡೋ ಎಂಬುದು ಮೊದಲು ಗೊತ್ತಾಗಬೇಕು.

ಹಲವು ಡಿಸ್ಕ್‌ಗಳನ್ನು ಒಂದೇ ಡಿಸ್ಕಿನಂತೆ ದುಡಿಸುವುದು ರೇಡ್. ರೇಡ್ 1ರಲ್ಲಿ ಎರಡೂ ಡಿಸ್ಕಿನಲ್ಲಿ ಒಂದೇ ಮಾಹಿತಿ ಇರುತ್ತದೆ. ರೇಡ್ 0 ಜೋಡೆತ್ತಿನ ಗಾಡಿ: ಪ್ರತಿ ಫೈಲೂ ಎರಡು ಡಿಸ್ಕಿಗೆ ಹಂಚಿಹೋಗಿರುತ್ತದೆ, ಒಂದು ಎತ್ತು ಮಲಗಿದರೆ ಗಾಡಿ ಅಲ್ಲೇ. ಒಂದೇ ಡಿಸ್ಕಿರುವ ಲ್ಯಾಪ್‌ಟಾಪುಗಳೂ ಎಷ್ಟೋ ಸಲ ರೇಡ್ ಸೆಟ್ಟಿಂಗ್‌ನಲ್ಲೇ ಕಾರ್ಖಾನೆಯಿಂದ ಬರುತ್ತವೆ. ಬಯಾಸ್‌ನಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಪುಟ ತೆರೆದು ನೋಡಿ. ಡಿಸ್ಕಿನ ಮುಂದೆ ‘ನಾನ್-ರೇಡ್’ ಎಂದಿದ್ದರೆ ಹಾದಿ ಸಲೀಸು. ‘ರೇಡ್ ವಾಲ್ಯೂಮ್’ ಕಂಡರೆ ಸೆಟ್ಟಿಂಗ್ ಮುಟ್ಟಲೇಬೇಡಿ. ಅಂಥವರಿಗೆ ವಿಂಡೋಸ್ ಒಳಗೇ ವರ್ಚುವಲ್‌ಬಾಕ್ಸ್ ಹಾಕಿ ಉಬುಂಟು ನಡೆಸುವುದು ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಸರಿಗಷ್ಟೇ ರೇಡ್ ಇದ್ದವರು ಮೊದಲು ಫೋಟೊ, ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟು, ಬಿಟ್‌ಲಾಕರನ್ನು ಪೂರ್ತಿ ಆಫ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಆಗಲಿ.

ಇನ್ನು ಮುಖ್ಯ ಕೆಲಸ. ವಿಂಡೋಸ್‌ನ ಸಿಸ್ಟಮ್ ಕಾನ್ಫಿಗರೇಶನ್ ತೆರೆದು, ಬೂಟ್ ವಿಭಾಗದಲ್ಲಿ ‘ಸೇಫ್ ಬೂಟ್’ ಗುರುತು ಹಾಕಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದೆ ಇರಬಹುದು, ಪಾಸ್‌ವರ್ಡ್ ನೆನಪಿದೆಯೇ ನೋಡಿಕೊಳ್ಳಿ. ರೀಸ್ಟಾರ್ಟ್ ಮಾಡುವಾಗ ನೇರ ಬಯಾಸ್‌ಗೆ ಹೋಗಿ ರೇಡ್ ಬದಲು ‘ಎಎಚ್‌ಸಿಐ’ ಎಂಬ ಸಾಮಾನ್ಯ ಡಿಸ್ಕ್ ಸೆಟ್ಟಿಂಗ್ ಆರಿಸಿ. ಸೇಫ್ ಮೋಡ್‌ನಲ್ಲಿ ಏಳುವ ವಿಂಡೋಸ್ ತನಗೆ ಬೇಕಾದ ಹೊಸ ಡ್ರೈವರನ್ನು ತಾನೇ ಹುಡುಕಿಕೊಳ್ಳುತ್ತದೆ. ಆಮೇಲೆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿ. ಸೇಫ್ ಬೂಟ್ ಹೆಜ್ಜೆ ಬಿಟ್ಟವರಿಗೆ ನೀಲಿ ಪರದೆ ಎದುರಾಗುತ್ತದೆ. ಗಾಬರಿ ಬೇಡ, ಸೆಟ್ಟಿಂಗ್ ಅನ್ನು ಹಿಂದಿನಂತೆ ರೇಡ್‌ಗೆ ತಂದರೆ ವಿಂಡೋಸ್ ಸಾಮಾನ್ಯವಾಗಿ ಮರಳುತ್ತದೆ.

ಉಳಿದದ್ದು ಸುಲಭ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಶ್ರಿಂಕ್ ವಾಲ್ಯೂಮ್’ ಒತ್ತಿ 50 ಜಿಬಿಯಾದರೂ ಜಾಗ ಬಿಡಿಸಿ. ಉಬುಂಟು 25 ಜಿಬಿಯಲ್ಲೂ ಕೂರುತ್ತದೆ, ಆದರೆ ಉಸಿರುಗಟ್ಟುತ್ತದೆ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಉಬುಂಟು ಬರೆದು, ಅದರಿಂದ ಬೂಟ್ ಮಾಡಿ, ‘ವಿಂಡೋಸ್ ಜೊತೆಗೆ’ ಎಂಬ ಆಯ್ಕೆ ಒತ್ತಿ. ‘ಇಡೀ ಡಿಸ್ಕ್ ಅಳಿಸಿ’ ಎಂಬುದು ಅದರ ಹತ್ತಿರವೇ ಇರುತ್ತದೆ. ಎರಡು ಸಲ ಓದಿ ಒತ್ತಿ.

ಇಷ್ಟಾದ ಮೇಲೆ ವಿಂಡೋಸ್ ಗಡಿಯಾರ ಐದೂವರೆ ತಾಸು ಹಿಂದೆ ತೋರಿಸಿದರೆ ಏನೂ ಕೆಟ್ಟಿಲ್ಲ. ಕಂಪ್ಯೂಟರಿನ ಒಳಗಡಿಯಾರವನ್ನು ಉಬುಂಟು ಗ್ರೀನಿಚ್ ಸಮಯವೆಂದೂ ವಿಂಡೋಸ್ ಸ್ಥಳೀಯ ಸಮಯವೆಂದೂ ಓದುತ್ತವೆ. ವಿಂಡೋಸ್‌ನ ಸಮಯ ಸೆಟ್ಟಿಂಗ್‌ನಲ್ಲಿ ‘ಸಿಂಕ್ ನೌ’ ಒತ್ತಿದರೆ ಸದ್ಯಕ್ಕೆ ಸರಿಹೋಗುತ್ತದೆ.