ಹುಚ್ಚೆಳ್ಳಿನ ಆಹಾರಗುಣವೂ ಉಪಯೋಗಗಳೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ರಾಗಿಯ ಹೊಲಗಳು ತೆಂಗಿನ ತೋಟಗಳಾಗುತ್ತ ಬಂದಂತೆಲ್ಲ ಅಕ್ಕಡಿ ಸಾಲಿನ ಹುಚ್ಚೆಳ್ಳು ಕಡಮೆಯಾಗುತ್ತಲಿದೆ. ಆದಾಯದಲ್ಲಿ ಇದು ತೆಂಗಿಗೆ ಸರಿದೂಗದು. ಆದರೆ ತೆಂಗು ಒದಗಿಸಲಾರದ ಒಂದು ಪೋಷಣೆಯನ್ನು ಇದು ಒದಗಿಸುವುದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಗಮನಿಸತಕ್ಕದ್ದು.

ಆಹಾರಗುಣ:— ಈ ಬೀಜದಲ್ಲಿ ಶೇಕಡಾ 30ರಿಂದ 40 ಭಾಗ ಎಣ್ಣೆಯೂ ಸುಮಾರು 20 ಭಾಗ ಸಸಾರಜನಕವೂ ಉಂಟು. ಎಣ್ಣೆಯ ಬಹುಭಾಗವು ಲಿನೋಲಿಕ್ ಆಮ್ಲ. ಇದನ್ನು ಮನುಷ್ಯಶರೀರವು ತಾನಾಗಿ ಉತ್ಪತ್ತಿಮಾಡಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಕೊಬ್ಬರಿಯೆಣ್ಣೆಯಲ್ಲಿ ಇದು ಅತ್ಯಲ್ಪ. ಆದಕಾರಣ ಕೊಬ್ಬರಿಯನ್ನು ಹೆಚ್ಚಾಗಿ ಬಳಸುವ ಈ ಸೀಮೆಗೆ ಹುಚ್ಚೆಳ್ಳು ತಕ್ಕ ಜೊತೆಯಾಗಿದೆ.

ಮೆಕ್ಸಿಕೋ ಮೂಲದ ಚಿಯಾ ಬೀಜವನ್ನು ಮೈಸೂರು ಸೀಮೆಯ ರೈತರು ಈಚೆಗೆ ಬೆಳೆಯತೊಡಗಿದ್ದಾರೆ. ಅದರ ವಿಶೇಷವು ಲಿನೋಲೆನಿಕ್ ಎಂಬ ಬೇರೊಂದು ಆಮ್ಲ. ಅದು ಹುಚ್ಚೆಳ್ಳಿನಲ್ಲಿ ಅತ್ಯಲ್ಪ. ನಮ್ಮ ಅಗಸೆಯಲ್ಲಿ ಹೇರಳ. ಒಂದು ಮತ್ತೊಂದಕ್ಕೆ ಬದಲಾಗದು. ಆದುದರಿಂದ ಚಿಯಾ ಬೆಳೆಯುವವರೂ ಹುಚ್ಚೆಳ್ಳನ್ನು ಬಿಡಬೇಕಾದುದಿಲ್ಲ.

ಉಪಯೋಗ:— ಬೀಜವನ್ನು ಹದವಾಗಿ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಿಸೆ, ಉಪ್ಪು, ಒಣಕೊಬ್ಬರಿಗಳೊಡನೆ ಕುಟ್ಟಿದ ಪುಡಿಯು ರಾಗಿರೊಟ್ಟಿಗೂ ಬದನೆಕಾಯಿ ಪಲ್ಯಕ್ಕೂ ರುಚಿಕರ. ಹಿಂಡಿಯು ಕರೆಯುವ ಹಸುಗಳಿಗೆ ಪುಷ್ಟಿಕರವಾದ ಮೇವು. ಎಣ್ಣೆಯು ಬೇಗನೆ ಕನರುವುದರಿಂದ ಬೀಜವನ್ನು ಒಣಗಿಸಿಟ್ಟುಕೊಂಡು, ಬೇಕಾದಷ್ಟನ್ನೇ ಆಗಾಗ ಗಾಣಕ್ಕೆ ಹಾಕಿಸುವುದು ಲೇಸು.

ಬೇಸಾಯ:— ರಾಗಿಯೊಡನೆಯೇ ಅಕ್ಕಡಿ ಸಾಲಿನಲ್ಲಿ ಬಿತ್ತಬಹುದು. ಹಸಿಯ ಗಿಡವನ್ನು ದನಗಳು ಇಷ್ಟಪಟ್ಟು ಮೇಯುವುದಿಲ್ಲವಾದ್ದರಿಂದ ಹೊಲದ ಅಂಚಿನಲ್ಲಿಯೂ ಇದು ಉಳಿಯುತ್ತದೆ. ಬಿತ್ತನೆಗೆ ಮುಂಚೆ ಬೀಜವನ್ನು ಜರಡಿಯಾಡಿಸಿ ಶುದ್ಧಿಮಾಡುವುದು ಅವಶ್ಯ. ಇಲ್ಲವಾದರೆ ಎಲೆಯಿಲ್ಲದ ಹಳದಿ ಬಳ್ಳಿಯ ಬೀಜವು ಕೂಡಿಕೊಂಡು ಬಂದು, ಮೊಳೆತ ಮೇಲೆ ಪೈರನ್ನು ಸುತ್ತಿ ರಸಹೀರುವುದು. ಅಂತಹ ಬಳ್ಳಿ ಕಂಡಲ್ಲಿ, ಅದು ಹೂಬಿಡುವ ಮೊದಲೇ ಗಿಡಸಹಿತ ಕಿತ್ತು ಸುಡತಕ್ಕದ್ದು.

ಈ ಗಿಡವು ಕಾಳುಕಟ್ಟುವುದಕ್ಕೆ ಜೇನ್ನೊಣಗಳ ನೆರವು ಬೇಕು. ಹೂವಿರುವಾಗ ಔಷಧ ಸಿಂಪಡಿಸಬಾರದು. ಹೂವಿಗೆ ಬರುವ ನೊಣಗಳು ಸಮೀಪದ ತೆಂಗಿನ ಹೊಂಬಾಳೆಗಳಿಗೂ ಹೋಗಿ ಪರಾಗಸಂಪರ್ಕಕ್ಕೆ ಸಹಾಯಕವಾಗುವುವು.

ಒಮ್ಮೆ ಊರಿನಿಂದ ಬಿತ್ತನೆಬೀಜವು ಹೋದರೆ ಆ ನೆಲಕ್ಕೆ ಒಗ್ಗಿದ ತಳಿಯನ್ನು ಮತ್ತೆ ತರುವುದು ಕಷ್ಟ. ಆದುದರಿಂದ ರಾಗಿ ಬೆಳೆಯುವ ಪ್ರತಿಯೊಬ್ಬ ಜಮೀನುದಾರರೂ ಕೆಲವು ಸಾಲು ಹುಚ್ಚೆಳ್ಳನ್ನಾದರೂ ಬಿತ್ತಿ, ಒಳ್ಳೆಯ ಬೀಜವನ್ನು ಆರಿಸಿಟ್ಟು, ಇಲ್ಲದವರಿಗೆ ಕೊಟ್ಟು ಬಿತ್ತಿಸುವುದು ಊರಿಗೇ ಹಿತಕರವಾಗಿರುವುದು.