ಟ್ರೇನರ್ ಕೈಕೊಟ್ಟಾಗ: ಏಳು ಸೂತ್ರಗಳು

ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ನೌಕರಿಗೆ ಹೋಗುವವರು ಬೆಳಗಿನ ವ್ಯಾಯಾಮದ ಗಂಟೆಯನ್ನು ನಿದ್ದೆ ಕಡಿದು ಉಳಿಸಿಕೊಂಡಿರುತ್ತಾರೆ. ಆರಕ್ಕೆ ಜಿಮ್, ಏಳಕ್ಕೆ ಸ್ನಾನ, ಎಂಟರೊಳಗೆ ಪ್ಲಾಟ್‌ಫಾರ್ಮ್. ಅಂಥ ದಿನ ಟ್ರೇನರ್ ಬಾರದಿದ್ದರೆ ಫೀಸನ್ನಾದರೂ ಮರಳಿ ಕೇಳಬಹುದು, ಆ ಗಂಟೆಯನ್ನು ಯಾರೂ ಮರಳಿ ಕೊಡಲಾರರು. ಆದರೂ ನಮ್ಮವರು ‘ಪಾಪ, ಹುಡುಗ’ ಎಂದು ಸುಮ್ಮನಾಗುತ್ತಾರೆ. ಸುಮ್ಮನಾಗುವುದು ಬೇಡ.

1. ದೊಡ್ಡ ಪ್ಯಾಕೇಜಿಗೆ ಆತುರ ಬೇಡ.
ಆರು ತಿಂಗಳ ಹಣ ಒಮ್ಮೆಗೇ ಕೊಟ್ಟರೆ ರಿಯಾಯಿತಿ ಸಿಗುತ್ತದೆ, ನಿಜ. ಆದರೆ ಹಣ ಕೈಬಿಟ್ಟ ಮೇಲೆ ನಿಮ್ಮ ಮಾತಿನ ತೂಕ ಇಳಿಯುತ್ತದೆ. ಮೊದಲ ತಿಂಗಳು ತಿಂಗಳದ್ದೇ ಕೊಡಿ. ಮನೆಗೆ ಬರುವ ಟ್ರೇನರ್ ಆದರೆ ವಾರದ ಕೊನೆಗೆ, ಬಂದಷ್ಟು ದಿನಕ್ಕೆ ಯುಪಿಐ ಮಾಡಿ. ಜಿಮ್ ಆದರೆ ಬಿಲ್ ಕೇಳಿ ಪಡೆಯಿರಿ. ಜಿಮ್ ಸೇವೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ಬದಲು ಶೇ. 5 ಆಗಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

2. ರದ್ದು ಮಾಡುವ ನಿಯಮ ಇಬ್ಬರಿಗೂ ಒಂದೇ ಇರಲಿ.
ನೀವು ತಿಳಿಸದೆ ತಪ್ಪಿಸಿದರೆ ಸೆಷನ್ ಹೋಯಿತು ಎಂದು ಹಲವು ಕಡೆ ಮೊದಲೇ ಹೇಳುತ್ತಾರೆ. ಟ್ರೇನರ್ ತಿಳಿಸದೆ ತಪ್ಪಿಸಿದರೆ ಏನು? ಹಣ ಕೊಡುವ ಮುನ್ನವೇ ಕೇಳಿ. ಆ ಸೆಷನ್ ಉಳಿಯಬೇಕು, ಮೇಲೊಂದು ಸೆಷನ್ ಸೇರಬೇಕು ಎಂದು ಕೇಳುವುದು ನ್ಯಾಯವೇ. ಒಪ್ಪಿದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

3. ಅಡಚಣೆ ಯಾವುದು, ಸಬೂಬು ಯಾವುದು ಎಂದು ಗುರುತಿಸಿ.
ಟ್ರೇನರ್‌ಗಳಲ್ಲಿ ಎಷ್ಟೋ ಮಂದಿ ಬದ್ಲಾಪುರ, ಟಿಟ್ವಾಲಾ ಕಡೆಯಿಂದ ಲೋಕಲ್ ಹಿಡಿದು ಬರುವವರು. ಜುಲೈ ಮಳೆಗೆ ಹಳಿ ಮುಳುಗಿದರೆ, ಘೋಡ್‌ಬಂದರ್ ರಸ್ತೆ ಕಟ್ಟಿಕೊಂಡರೆ ಅವರೇನು ಮಾಡಿಯಾರು? ಆದರೆ ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ಮೊದಲೇ ಪ್ರಕಟವಾಗಿರುತ್ತದೆ. ಅದರ ಹೆಸರನ್ನು ಭಾನುವಾರ ಬೆಳಿಗ್ಗೆಯೇ ತೆಗೆಯುವುದು ಸಬೂಬು. ಐದೂವರೆಗೇ ಫೋನ್ ಮಾಡಿ ‘ಇವತ್ತು ಆಗುವುದಿಲ್ಲ’ ಎನ್ನುವವರನ್ನು ಉಳಿಸಿಕೊಳ್ಳಿ. ತಿಂಗಳಲ್ಲಿ ಎರಡು ಸಲ ಹೇಳದೆ ತಪ್ಪಿಸಿದವರೊಂದಿಗೆ ಕೂತು ಮಾತಾಡಿ. ಬೆಳಗಿನ ಆರರಿಂದ ಎಂಟರ ಸ್ಲಾಟ್ ಎಲ್ಲರಿಗೂ ಬೇಕು. ಒಂದೇ ಹೊತ್ತಿಗೆ ಇಬ್ಬರಿಗೆ ಮಾತು ಕೊಟ್ಟಿರಬಹುದು. ಸಮಯ ಬದಲಿಸಿದರೆ ಸರಿಹೋಗುವುದಾದರೆ ಬದಲಿಸಿ.

4. ಲೆಕ್ಕ ಅಂದಿನದಂದೇ ಬರೆಯಿರಿ.
‘ಸರ್, ಇವತ್ತಿನ ಸೆಷನ್ ಆಗಲಿಲ್ಲ. ಹನ್ನೆರಡರಲ್ಲಿ ಒಂಬತ್ತು ಬಾಕಿ.’ ಇಷ್ಟೇ ಸಾಕು, ಕೋಪದ ಮಾತು ಬೇಡ.

5. ಬದಲಿ ಟ್ರೇನರ್ ಬಂದರೆ ಭಾರ ಎತ್ತುವ ಮೊದಲು ಮಾತು.
ಮಂಡಿ ನೋವು, ಸೊಂಟದ ತೊಂದರೆ, ಬಿಪಿ, ಹಳೆಯ ಆಪರೇಷನ್: ಎಲ್ಲವನ್ನೂ ಮತ್ತೆ ಹೇಳಿ. ಹಿಂದಿನವರು ತಿಳಿಸಿರುತ್ತಾರೆ ಎಂದು ನಂಬಬೇಡಿ.

6. ಟ್ರೇನರ್ ಇಲ್ಲದ ದಿನದ ಪಾಠ ಸಿದ್ಧವಿರಲಿ.
ಎಲ್ಲಕ್ಕಿಂತ ಮುಖ್ಯವಾದುದು ಇದೇ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳನ್ನೂ ಬರೆದ ಕೆ.ವಿ. ಅಯ್ಯರ್ ದೂರದವರಿಗೆ ಅಂಚೆಯ ಮೂಲಕವೇ ವ್ಯಾಯಾಮ ಕಲಿಸುತ್ತಿದ್ದರು. ಗುರು ಎದುರಿಗಿಲ್ಲದೆಯೂ, ಕಾಗದ ನೋಡಿಕೊಂಡು ಸಾಧನೆ ಮಾಡಿದವರಿದ್ದರು. ನಿಮ್ಮ ಟ್ರೇನರ್ ಕೈಯಲ್ಲೂ ಮೊದಲ ವಾರವೇ ಒಂದು ಹಾಳೆ ಬರೆಸಿಕೊಳ್ಳಿ: ಯಾವ ವ್ಯಾಯಾಮ, ಎಷ್ಟು ಸಲ, ಎಷ್ಟು ಭಾರ, ನಡುವೆ ಎಷ್ಟು ವಿಶ್ರಾಂತಿ. ಒಬ್ಬರೇ ಇರುವಾಗ ಭಾರ ಕಡಿಮೆ ಮಾಡಿ. ಬಸ್ಕಿ, ದಂಡ, ಸೂರ್ಯನಮಸ್ಕಾರಕ್ಕೆ ಯಂತ್ರವೇ ಬೇಡ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ 150 ನಿಮಿಷವನ್ನು ಬಿರುಸು ನಡಿಗೆಯಲ್ಲೇ ಮುಗಿಸಬಹುದು. ಥಾಣೆಯವರಿಗೆ ಉಪವನ ಕೆರೆಯಿದೆ, ತಲಾವ್ ಪಾಳಿಯಿದೆ. ಕಲ್ಯಾಣದವರಿಗೆ ಕಾಳಾ ತಲಾವ್, ಖಾರ್‌ಘರ್‌ನವರಿಗೆ ಸೆಂಟ್ರಲ್ ಪಾರ್ಕ್. ಟ್ರೇನರ್ ತಪ್ಪಿಸಿದ ದಿನ ನೀವೂ ತಪ್ಪಿಸಿದರೆ ನಷ್ಟ ಇಮ್ಮಡಿ.

7. ಬಿಡುವ ಹೊತ್ತು ಬಂದರೆ ಹಣ ಕೇಳಿಯೇ ಬಿಡಿ.
ಮೊದಲು ಮ್ಯಾನೇಜರ್‌ಗೆ ಬರೆದು ಬೇರೆ ಟ್ರೇನರ್ ಕೇಳಿ. ಆಗದಿದ್ದರೆ ಬಾಕಿ ಸೆಷನ್‌ಗಳ ಹಣ ಕೇಳಿ. ‘ಹಣ ಮರಳಿಸುವುದಿಲ್ಲ’ ಎಂದು ರಸೀದಿಯಲ್ಲಿ ಅಚ್ಚಾಗಿದೆ ಎಂಬ ಮಾತಿಗೆ ಹಿಂಜರಿಯಬೇಡಿ. ನ್ಯೂನತೆಯ ಸೇವೆಯನ್ನು ನಿಲ್ಲಿಸಿ ಹಣ ಮರಳಿಸಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಹಣ ಮರಳಿಸುವ ಅವಧಿ ಬಿಲ್ಲಿನಲ್ಲಿ ನಮೂದಾಗಿಲ್ಲದಿದ್ದರೆ ಅದಕ್ಕೆ 30 ದಿನಗಳ ಗಡುವು. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಲ್ಯಾಣ, ಡೊಂಬಿವಲಿ, ವಾಶಿ, ನೆರೂಲ್ ಥಾಣೆ ಜಿಲ್ಲೆಗೆ ಸೇರಿದರೆ ಖಾರ್‌ಘರ್, ಪನ್ವೇಲ್ ರಾಯಗಡಕ್ಕೆ ಸೇರುತ್ತವೆ. ನೀವು ವಾಸಿಸುವ ಇಲ್ಲವೇ ದುಡಿಯುವ ಊರಿನ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ಬಿಲ್, ಯುಪಿಐ ದಾಖಲೆ, ನಾಲ್ಕನೆಯ ಸೂತ್ರದ ಸಂದೇಶಗಳು ಅಲ್ಲಿ ನಿಮ್ಮ ಸಾಕ್ಷಿ. ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಅದು ಮೀರುವ ತನಕ ಕಾಯಬೇಡಿ.