ಹಸಿವಾದಾಗ ಎಲೆ ಹಾಕಿ

ಪ್ರಶ್ನೆ: ಡಾಕ್ಟ್ರೇ, ನನಗೀಗ 63. ನಿವೃತ್ತನಾದ ಮೇಲೆ ಸಂಜೆ ಆರಕ್ಕೆ ಗೆಳೆಯರ ಜೊತೆ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದು ಕಾಫಿ ಕುಡಿಯುವುದು ರೂಢಿ. ರಾತ್ರಿ ಒಂಬತ್ತೂವರೆಗೆ ಅನ್ನ, ಹುಳಿ, ಕೊನೆಗೆ ಮೊಸರನ್ನ. ಮಲಗಿದರೆ ಹುಳಿತೇಗು, ಎದೆಯುರಿ. ಹಿಂಗ್ವಾಷ್ಟಕ ಚೂರ್ಣ ತೆಗೆದುಕೊಳ್ಳಬಹುದೇ?
– ಓದುಗರು, ಕುವೆಂಪುನಗರ

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಹಸಿವು ಎಂಬ ಮಾತು ಎಲ್ಲೂ ಸಿಗಲಿಲ್ಲ. ಒಂಬತ್ತೂವರೆಗೆ ಕೂರುವುದು ಹಸಿದೋ, ತಟ್ಟೆ ಹಾಕಿದರೆಂದೋ?

ತಿಂದದ್ದು ಅರಗುವ ಮೊದಲೇ ಮತ್ತೆ ಉಣ್ಣುವುದನ್ನು ಆಯುರ್ವೇದ ‘ಅಧ್ಯಶನ’ ಎನ್ನುತ್ತದೆ. ಅರ್ಧ ಬೆಂದ ಅನ್ನದ ಪಾತ್ರೆಗೆ ಇನ್ನೊಂದು ಪಾವು ಅಕ್ಕಿ ಸುರಿದಂತೆ. ಮೊದಲಿನದು ಮುದ್ದೆಯಾಗುತ್ತದೆ, ಆಮೇಲಿನದು ಬೇಯುವುದಿಲ್ಲ. ಬೆಣ್ಣೆ, ಆಲೂಗಡ್ಡೆ ಪಲ್ಯ ತುಂಬಿದ ನಮ್ಮೂರಿನ ದೋಸೆಯನ್ನು ತಿಂಡಿ ಎನ್ನುವುದು ಮೈಸೂರಿನವರ ಸೌಜನ್ಯ, ಅಷ್ಟೇ. ಅದು ಊಟವೇ. ದೋಸೆ ಬಿಡಿ ಎಂದರೆ ನೀವು ನನ್ನನ್ನು ಬಿಡುತ್ತೀರಿ, ದೋಸೆಯನ್ನಲ್ಲ. ಹಾಗಾಗಿ ದೋಸೆ ತಿಂದ ದಿನ ರಾತ್ರಿ ಊಟ ಬೇಡ. ಹಸಿವಾದರೆ ಹೆಸರುಬೇಳೆಯ ತಿಳಿ, ಒಂದು ಲೋಟ. ಮಿಕ್ಕ ದಿನ ಎಂಟರೊಳಗೆ ಊಟ ಮುಗಿಯಲಿ.

ಎಷ್ಟು ಉಣ್ಣಬೇಕೆಂಬುದಕ್ಕೆ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸುಲಭದ ಲೆಕ್ಕವಿದೆ. ಹೊಟ್ಟೆಯನ್ನು 4 ಪಾಲು ಮಾಡಿದರೆ 2 ಪಾಲು ಅನ್ನಕ್ಕೆ, 1 ನೀರಿಗೆ, 1 ಗಾಳಿಗೆ. ಬಡಿಸುವವರು ‘ಇನ್ನೊಂದು ಸ್ವಲ್ಪ’ ಎನ್ನುವುದು ಸಾಮಾನ್ಯವಾಗಿ ಆ ಗಾಳಿಯ ಪಾಲಿಗೇ ಬಂದು ಬೀಳುತ್ತದೆ.

ರಾತ್ರಿ ಮೊಸರು ಬೇಡ ಎಂದು ಚರಕ ಸ್ಪಷ್ಟವಾಗಿ ಹೇಳಿದ್ದಾನೆ. ಮೊಸರನ್ನವಿಲ್ಲದೆ ಊಟ ಮುಗಿಯದ ಮನೆಯವನಾದ ನನಗೇ ಇದನ್ನು ಹೇಳಲು ಸಂಕೋಚ. ಮಧ್ಯಾಹ್ನಕ್ಕೆ ಮಜ್ಜಿಗೆ ಇಟ್ಟುಕೊಳ್ಳಿ. ಮೊಸರಿಗೆ ನೀರು ಬೆರೆಸಿ ಚಮಚದಲ್ಲಿ ಕಲಕಿದ್ದು ಮಜ್ಜಿಗೆಯಲ್ಲ. ಕಡೆಗೋಲಿನಲ್ಲಿ ಕಡೆದು, ಬೆಣ್ಣೆ ತೆಗೆದು, ಹುರಿದ ಜೀರಿಗೆಯ ಪುಡಿ ಉದುರಿಸಿದ್ದು. ಹುಳಿ ಬಂದದ್ದು ನಿಮಗಾಗದು.

ಇನ್ನು ಚೂರ್ಣ. ಹಿಂಗ್ವಾಷ್ಟಕದಲ್ಲಿ ಇಂಗು, ಶುಂಠಿ, ಮೆಣಸು, ಹಿಪ್ಪಲಿ, ಓಮ, ಎರಡು ಬಗೆ ಜೀರಿಗೆ, ಸೈಂಧವ ಲವಣ. ಮೊದಲ ತುತ್ತಿಗೆ ತುಪ್ಪದೊಡನೆ ಕಲಸಿ ತಿನ್ನುವುದು ಕ್ರಮ. ಹಸಿವೇ ಆಗದೆ ಹೊಟ್ಟೆ ಉಬ್ಬರಿಸುವವರಿಗೆ ಒಳ್ಳೆಯದು. ಎದೆಯುರಿ ಇರುವವರಿಗೆ ಉರಿಗೆ ತುಪ್ಪ ಸುರಿದಂತೆ. ನಿಮಗೆ ಬೇಡ.

ಉಂಡೊಡನೆ ಮಲಗಬೇಡಿ. ಸುಶ್ರುತ ಹೇಳಿದ್ದು ನೂರು ಹೆಜ್ಜೆ. ಅದಕ್ಕೆ ಕುಕ್ಕರಹಳ್ಳಿ ಕೆರೆಯವರೆಗೆ ಹೋಗಬೇಕಿಲ್ಲ, ಮನೆಯ ಮುಂದಿನ ರಸ್ತೆ ಸಾಕು. ತೂಕ ಇಳಿಯುತ್ತಿದ್ದರೆ, ನುಂಗುವಾಗ ತುತ್ತು ಸಿಕ್ಕಿಕೊಂಡರೆ, ಮಲ ಕಪ್ಪಾಗಿದ್ದರೆ ಪಥ್ಯ ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಹೆಬ್ಬಾಳದ ಕಡೆ ರಾತ್ರಿ ಪಾಳಿಯ ಕೆಲಸ. ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಅನ್ನ, ಕುರ್ಮ. ಬೆಳಿಗ್ಗೆ ಕುದಿಯುವ ನೀರಿಗೆ ಜೇನು, ನಿಂಬೆ ಹಾಕಿ ಕುಡಿಯುತ್ತೇನೆ. ಆದರೂ ಮಲಬದ್ಧತೆ.
– 27ರ ಯುವತಿ

ಉತ್ತರ: ಜೇನನ್ನು ಬಿಸಿ ಮಾಡಬಾರದೆಂಬುದು ಆಯುರ್ವೇದದ ಹಳೆಯ ನಿಷೇಧ, ಬರೀ ಬಿಸಿನೀರು ಕುಡಿಯಮ್ಮ. ಹೊಟ್ಟೆ ತುಂಬ ಊಟವನ್ನು ಪಾಳಿಗೆ ಹೊರಡುವ ಮೊದಲೇ ಮಾಡು. ಮುದ್ದೆ, ಸೊಪ್ಪಿನ ಬಸ್ಸಾರು ಇದ್ದರೆ ಇನ್ನೂ ಒಳ್ಳೆಯದು. ಮೂರು ಗಂಟೆಗೆ ಎರಡು ಇಡ್ಲಿ ಸಾಕು. ಎದ್ದ ಮೇಲೆ ಬಾಳೆಹಣ್ಣು. ನಂಜನಗೂಡಿನ ರಸಬಾಳೆಯೇ ಆಗಬೇಕೆಂದಿಲ್ಲ, ಅದು ಈಗ ಸಿಗುವುದೇ ಅಪರೂಪ.

ಪ್ರಶ್ನೆ: ಊಟದ ಮೇಲೆ ಎಲೆ-ಅಡಿಕೆ ಜೀರ್ಣಕ್ಕೆ ಒಳ್ಳೆಯದಲ್ಲವೇ?
– ಅಗ್ರಹಾರದಿಂದ

ಉತ್ತರ: ಎಳೆ ಮೈಸೂರು ವೀಳ್ಯದೆಲೆಗೆ ಎರಡು ಏಲಕ್ಕಿ ಕಾಳಿಟ್ಟು ಅಗಿಯಿರಿ, ನನ್ನ ತಕರಾರಿಲ್ಲ. ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಸಾಬೀತಾಗಿದೆ. ಹೊಗೆಸೊಪ್ಪಿನ ಮಾತಂತೂ ಬೇಡವೇ ಬೇಡ.